ಒಂಬತ್ತು ಜನ, ಎರಡು ಕೋಣೆ, ಒಂದು ಬಚ್ಚಲು

"ಕ್ಲಿಪ್‌ಬೋರ್ಡ್ ಕಾರಿನಲ್ಲೇ ಇರಲಿ, ಮಿಹಾ."

ದೋನ್ಯಾ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಮಿಹಾ ಅಂದರೆ ಮಗಳೇ. ಕ್ಲಿಪ್‌ಬೋರ್ಡ್ ಹಿಡಿದು ಬಾಗಿಲು ತಟ್ಟುವವರು ಈ ಓಣಿಯಲ್ಲಿ ಮೂರೇ ಬಗೆ. ಬಾಡಿಗೆ ವಸೂಲಿಗೆ ಬಂದವರು, ಏನೋ ಮಾರಲು ಬಂದವರು, ಇಮಿಗ್ರೇಶನ್‌ನವರು. ಮೂವರಿಗೂ ಯಾರೂ ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ಬರಿಗೈಯಲ್ಲಿ ಹೋಗಬೇಕು. ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದು, ಕಿಟಕಿಯಿಂದ ಮುಖ ಕಾಣುವ ಹಾಗೆ ನಿಲ್ಲಬೇಕು. ಮಾಸ್ಕ್ ಹಾಕಿದ ಮೇಲೆ ಮುಖ ಎಲ್ಲಿ ಕಾಣುತ್ತೆ ಅಂತ ಕೇಳಿದೆ. "ಕಣ್ಣು ಕಾಣುತ್ತಲ್ಲ, ಸಾಕು" ಅಂದರು.

2020ರ ಜೂನ್ ಅದು. ಊರು ಕ್ಯಾಲಿಫೋರ್ನಿಯಾದ ಸಲೀನಾಸ್. ಅಮೆರಿಕದವರು ತಿನ್ನುವ ಲೆಟ್ಯೂಸ್ ಸೊಪ್ಪು, ಸ್ಟ್ರಾಬೆರಿ, ಬ್ರಾಕೊಲಿ ಬಹಳಷ್ಟು ಈ ಕಣಿವೆಯಲ್ಲಿ ಬೆಳೆಯುತ್ತವೆ. ಕೊಯ್ಯುವವರು ಹೆಚ್ಚಾಗಿ ಮೆಕ್ಸಿಕೊದಿಂದ ಬಂದವರು. ಚಳಿಗಾಲಕ್ಕೆ ಸೊಪ್ಪಿನ ಬೇಸಾಯ ಅರಿಜೋನಾದ ಯೂಮಾ ಕಡೆಗೆ ಹೋಗುತ್ತದೆ. ಜನರಲ್ಲೂ ಎಷ್ಟೋ ಮಂದಿ ಅದರ ಹಿಂದೆ ಹೋಗಿ ವಸಂತದಲ್ಲಿ ವಾಪಸ್ ಬರುತ್ತಾರೆ. ನನ್ನ ಗಂಡನಿಗೆ ಇಲ್ಲಿನ ತರಕಾರಿ ಬೀಜದ ಕಂಪನಿಯಲ್ಲಿ ಕೆಲಸ. ನನ್ನದು ಎಚ್-4 ವೀಸಾ. ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಹೊತ್ತು ಹೋಗದೆ ಎರಡು ವರ್ಷ ಸಂಜೆ ಕ್ಲಾಸಿನಲ್ಲಿ ಸ್ಪ್ಯಾನಿಷ್ ಕಲಿತಿದ್ದೆ. ಕೊರೊನಾ ಬಂದಾಗ, ಸ್ಪ್ಯಾನಿಷ್ ಗೊತ್ತಿರುವ ಸ್ವಯಂಸೇವಕರು ಬೇಕು ಅಂತ ಒಂದು ಚಿಕ್ಕ ಕ್ಲಿನಿಕ್‌ನವರು ಚೀಟಿ ಅಂಟಿಸಿದ್ದರು. ಫೋನ್ ಮಾಡಿದೆ. ದೋನ್ಯಾ ಜೊತೆ ಹಾಕಿದರು.

ದೋನ್ಯಾ ಅಂದರೆ ಹೆಸರಲ್ಲ. ಹಿರಿಯ ಹೆಂಗಸರಿಗೆ ಮರ್ಯಾದೆಯಿಂದ ಹೇಳುವ ಮಾತು, ನಮ್ಮ 'ಅಮ್ಮಾವ್ರು' ಇದ್ದ ಹಾಗೆ. ಇವರು ಮೆಕ್ಸಿಕೊದ ಮಿಚೊಆಕಾನ್ ರಾಜ್ಯದವರು. ಇಪ್ಪತ್ತು ವರ್ಷ ಬಗ್ಗಿ ಲೆಟ್ಯೂಸ್ ಕೊಯ್ದು ಸೊಂಟ ಹೋದ ಮೇಲೆ ಪ್ರೊಮೊತೋರಾ ಆದವರು. ಪ್ರೊಮೊತೋರಾ ಅಂದರೆ ನರ್ಸ್ ಅಲ್ಲ, ಡಾಕ್ಟರೂ ಅಲ್ಲ. ಅದೇ ಓಣಿಯ, ಅದೇ ಕೆಲಸ ಮಾಡಿದ, ಅದೇ ಭಾಷೆಯ ಒಬ್ಬ ಹೆಂಗಸು. ತರಬೇತಿ ಪಡೆದು ಮನೆ ಮನೆಗೆ ಆರೋಗ್ಯದ ಮಾತು ಒಯ್ಯುವವಳು. ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ದಶಕಗಳಿಂದ ಇರುವ ಪದ್ಧತಿ ಇದು. ವಲಸೆ ಬಂದವರ ಜೊತೆ ಅಮೆರಿಕಕ್ಕೂ ಬಂತು.

ನಮ್ಮ ಆಶಾ ಕಾರ್ಯಕರ್ತೆಯರು ಕೂಡ ಇದೇ ತಾನೇ? ಅರಸೀಕೆರೆ ಹತ್ತಿರ ನನ್ನ ಚಿಕ್ಕಮ್ಮ ಆಶಾ. ಗುಲಾಬಿ ಸೀರೆ ಉಟ್ಟು ದಿನಕ್ಕೆ ಎಷ್ಟು ಮನೆ ಸುತ್ತುತ್ತಾರೋ ಲೆಕ್ಕವಿಲ್ಲ. ಕೆಲಸಕ್ಕೆ ಸೇರಿದ ವಾರ ಅವರಿಗೆ ಫೋನ್ ಮಾಡಿದೆ. "ಒಳಗೆ ಹೋದ ತಕ್ಷಣ ಕಾಯಿಲೆ ಮಾತು ಎತ್ತಬೇಡ ಕಣೇ. ಮೊದಲು ಹಸು ಕರು ಹಾಕ್ತಾ ಅಂತ ಕೇಳು" ಅಂದರು.

ಇಲ್ಲಿ ಹಸು ಎಲ್ಲಿಂದ ಬರಬೇಕು? ಆದರೆ ಮೂರನೇ ಮನೆಯ ಬೇಲಿ ಮೇಲೆ ಸೀಮೆಬದನೆ ಬಳ್ಳಿ ಹಬ್ಬಿತ್ತು. ಕಾಯಿ ಜೋತಾಡುತ್ತಿತ್ತು. "ಇದನ್ನ ನಮ್ಮೂರಲ್ಲೂ ಪಲ್ಯ, ಸಾಂಬಾರು ಮಾಡ್ತೀವಿ" ಅಂದೆ. ಆ ಮನೆಯಾಕೆಗೆ ನಗು ತಡೆಯಲಾಗಲಿಲ್ಲ. ಅದು 'ಚಯೋತೆ', ಅವರ ದೇಶದ ಕಾಯಿ, ಇಂಡಿಯಾಕ್ಕೆ ಯಾವಾಗ ಹೋಯಿತು ಅಂತ ಕೇಳಿದಳು. ನಮ್ಮವರು 'ಸೀಮೆ' ಅಂತ ಸೇರಿಸಿ ಹೊರಗಿನಿಂದ ಬಂದದ್ದು ಅಂತ ಒಪ್ಪಿಕೊಂಡಿದ್ದಾರೆ ಅಂತ ವಿವರಿಸುವಷ್ಟು ಸ್ಪ್ಯಾನಿಷ್ ನನ್ನ ಹತ್ತಿರ ಇರಲಿಲ್ಲ. ಮನೆಗೆ ವಾಪಸ್ ಬರುವಾಗ ಕೈಯಲ್ಲಿ ನಾಲ್ಕು ಕಾಯಿ ಇತ್ತು.

ತರಬೇತಿ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಜೂಮ್‌ನಲ್ಲಿ ಕೆಲವು ಕ್ಲಾಸು, ಯಾರದೋ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ದೂರ ದೂರ ಕೂತು ಕೆಲವು. ಒಬ್ಬರು ಬಾಗಿಲು ತೆಗೆಯುವವರು, ಇನ್ನೊಬ್ಬರು ತಟ್ಟುವವರು, ಹೀಗೆ ನಾಟಕ ಆಡಿಸುತ್ತಿದ್ದರು. ನಾನು ವಯಸ್ಸಾದವರ ಪಾತ್ರಕ್ಕೆ 'ತು' ಅಂದುಬಿಟ್ಟೆ. ಎಲ್ಲರೂ ಓ ಅಂದರು. ಅಲ್ಲೂ ನಮ್ಮ ಹಾಗೆ 'ನೀನು', 'ನೀವು' ಬೇರೆ. ಕನ್ನಡದವಳು ಅದನ್ನು ಮರೆಯಬಾರದಿತ್ತು.

ಪದಗಳು ಬೇರೆ ರೀತಿಯಲ್ಲೂ ಕಾಡಿದವು. ಒಬ್ಬ ಹುಡುಗ "ರೈತೆರೊಗೆ ದಿನಾ ದುಡ್ಡು ಕೊಡಬೇಕು" ಅಂದ. ಪಾಪ, ಇವರು ರೈತರಿಗೇ ಯಾಕೆ ದುಡ್ಡು ಕೊಡಬೇಕು ಅಂತ ನಾನು ತಲೆ ಕೆಡಿಸಿಕೊಂಡೆ. ರೈತೆರೊ ಅಂದರೆ ವ್ಯಾನಿನಲ್ಲಿ ಹೊಲಕ್ಕೆ ಕರೆದೊಯ್ಯುವವನು. ಇಂಗ್ಲಿಷಿನ 'ರೈಡ್' ಅವರ ಬಾಯಲ್ಲಿ 'ರೈತೆ' ಆಗಿದೆ. ಹೊಲ 'ಎಲ್ ಫಿಲ್'. ಮೇಸ್ತ್ರಿ 'ಮಯೊರ್ದೋಮೊ'. ಈ ರೈತೆರೊ ವ್ಯಾನೇ ರೋಗ ಹರಡುವ ಮೊದಲ ಜಾಗ ಅಂತ ಆಮೇಲೆ ಅರ್ಥವಾಯಿತು. ಬೆಳಗಿನ ನಾಲ್ಕೂವರೆಗೆ ಎಂಟು ಹತ್ತು ಜನ, ಚಳಿ ಅಂತ ಗಾಜು ಏರಿಸಿ ಮುಕ್ಕಾಲು ಗಂಟೆ ಪ್ರಯಾಣ. ಹೊಲದಲ್ಲಿ ಆರು ಅಡಿ ದೂರ ನಿಲ್ಲಿಸಿ ಏನು ಬಂತು? ನಾವು ವ್ಯಾನಿನವರನ್ನೇ ಹಿಡಿದು, ಎದುರು ಬದುರಿನ ಎರಡು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಅಂತ ಕೇಳಿಕೊಳ್ಳುತ್ತಿದ್ದೆವು.

ಇನ್ನು ಒಂಬತ್ತು ಜನರ ಆ ಮನೆಯ ವಿಷಯಕ್ಕೆ ಬರುತ್ತೇನೆ.

ಜುಲೈ ಕೊನೆ. ಊರ ಪೂರ್ವ ಭಾಗದ ಅಲಿಸಾಲ್‌ನಲ್ಲಿ ಮೇಲ್ಮಹಡಿಯ ಮನೆ. ಗಂಡ, ಹೆಂಡತಿ, ಮೂರು ಮಕ್ಕಳು, ಎಪ್ಪತ್ತೊಂದು ವರ್ಷದ ಸಕ್ಕರೆ ಕಾಯಿಲೆಯ ಅಜ್ಜಿ. ಹೆಂಡತಿಯ ತಮ್ಮ, ಅವನ ಊರಿನ ಇಬ್ಬರು ಹುಡುಗರು. ಒಟ್ಟು ಒಂಬತ್ತು. ಒಂದು ಮಲಗುವ ಕೋಣೆ, ಅಡುಗೆ ಮೂಲೆ ಸೇರಿದ ಒಂದು ಹಾಲ್, ಒಂದು ಬಚ್ಚಲು. ತಮ್ಮನಿಗೆ ಪಾಸಿಟಿವ್ ಬಂದಿತ್ತು.

ನನ್ನ ಹತ್ತಿರ ಸ್ಪ್ಯಾನಿಷ್‌ನಲ್ಲಿ ಮುದ್ರಿಸಿದ ಒಂದು ಹಾಳೆ ಇತ್ತು. ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ. ಸಾಧ್ಯವಾದರೆ ಪ್ರತ್ಯೇಕ ಶೌಚಾಲಯ ಕೊಡಿ. ಹತ್ತು ದಿನ ಹೊರಗೆ ಬಿಡಬೇಡಿ. ಬಾಗಿಲಲ್ಲೇ ನಿಂತು ಶ್ರದ್ಧೆಯಿಂದ ಓದಿದೆ. ಮನೆಯಾಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಿರುಗಿ ಹಾಲ್ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಆ ನೋಟಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಉಳಿಯುವ ಹೋಟೆಲ್‌ನಲ್ಲಿ ಕೋಣೆ ಕೊಡುವ ಏರ್ಪಾಡು ಇತ್ತು. 'ಹೌಸಿಂಗ್ ಫಾರ್ ದ ಹಾರ್ವೆಸ್ಟ್' ಅಂತ ರಾಜ್ಯ ಸರ್ಕಾರ ಆ ತಿಂಗಳಷ್ಟೇ ಹೇಳಿತ್ತು. ಹೊಲದ ಕೆಲಸದವರಿಗೆ ಪುಕ್ಕಟೆ ಕೋಣೆ, ಊಟ. ಕೇಳಿದರೆ ಆ ಹುಡುಗ ತಲೆ ಅಲ್ಲಾಡಿಸಿದ. ಒಬ್ಬನೇ ಎಲ್ಲಿಗೋ ಹೋಗಿ, ಹೆಸರು ಬರೆಸಿ, ರಾತ್ರಿ ಉಸಿರು ಕಟ್ಟಿದರೆ ಯಾರನ್ನು ಕರೆಯುವುದು? ಇಲ್ಲಿ ಅಕ್ಕ ಇದ್ದಾಳೆ, ಗಂಜಿಯಾದರೂ ಸಿಗುತ್ತದೆ. ಹೋದ ಎಷ್ಟೋ ಮನೆಗಳಲ್ಲಿ ಇದೇ ಮಾತು. ಅದರ ಜೊತೆಗೆ 'ಕಾರ್ಗಾ ಪುಬ್ಲಿಕಾ' ಭಯ. ಸರ್ಕಾರದ ಸಹಾಯ ಪಡೆದರೆ ಗ್ರೀನ್ ಕಾರ್ಡಿಗೆ ಕುತ್ತು ಬರಬಹುದು ಅನ್ನುವ ಹೊಸ ನಿಯಮ ಆ ಫೆಬ್ರವರಿಯಲ್ಲೇ ಜಾರಿಗೆ ಬಂದಿತ್ತು. ಕೊರೊನಾ ಪರೀಕ್ಷೆ, ಚಿಕಿತ್ಸೆ ಅದಕ್ಕೆ ಸೇರುವುದಿಲ್ಲ ಅಂತ ಮಾರ್ಚ್‌ನಲ್ಲಿ ಅಧಿಕಾರಿಗಳು ಹೇಳಿದ್ದರೂ ಯಾರಿಗೆ ನಂಬಿಕೆ? ಸುಳ್ಳು ಯಾಕೆ ಹೇಳಲಿ, ವೀಸಾದಲ್ಲಿದ್ದ ನಮ್ಮ ಮನೆಯಲ್ಲೂ ಆ ಭಯ ಇತ್ತು. ನನ್ನ ಗಂಡ ಆ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದರು.

ದೋನ್ಯಾ ಹಾಳೆ ಮಡಚಿ ಚೀಲಕ್ಕೆ ಹಾಕಿದರು. ಮೆಟ್ಟಿಲ ಮೇಲೆ ಕೂತು ಮನೆಯಾಕೆಯನ್ನು ಕೇಳಿದರು: "ಯಾರು ಎಲ್ಲಿ ಮಲಗ್ತೀರಿ? ತಲೆ ಯಾವ ಕಡೆ?" ಆಕೆ ಹೇಳುತ್ತಾ ಹೋದಳು. ದೋನ್ಯಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದರು. ಕಿಟಕಿ ಎಲ್ಲಿ, ಒಲೆ ಎಲ್ಲಿ, ಬಚ್ಚಲು ಎಲ್ಲಿ. ಆಮೇಲೆ ಕೇಳಿದರು: "ಈ ಮನೆಯಲ್ಲಿ ಯಾರಿಗೆ ಬಂದರೆ ಕಷ್ಟ?"

"ಅಮ್ಮನಿಗೆ."

"ಹಾಗಾದರೆ ತಮ್ಮನನ್ನು ಬೇರೆ ಇಡೋದು ಬಿಡು. ಅಮ್ಮನನ್ನು ಬೇರೆ ಇಡೋಣ."

ನನಗೆ ಇದು ಹೊಳೆದೇ ಇರಲಿಲ್ಲ.

ಅಜ್ಜಿ, ಗಂಡ ಹೆಂಡತಿ, ಮಕ್ಕಳು ಮಲಗುವ ಕೋಣೆಯಲ್ಲಿ. ಅಜ್ಜಿಯ ಹಾಸಿಗೆ ಅಲ್ಲಿನ ಕಿಟಕಿ ಪಕ್ಕ, ಕಿಟಕಿ ತೆರೆದು. ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಟವೆಲ್ ಸುತ್ತಿ ಇಡುವುದು. ಹಾಲ್‌ನಲ್ಲಿ ಮೂವರು ಗಂಡಸರು. ತಮ್ಮ ಹಾಲ್‌ನ ಕಿಟಕಿ ಬುಡದಲ್ಲಿ. ಆ ಕಿಟಕಿಗೆ ಚೌಕದ ಫ್ಯಾನು, ಗಾಳಿ ಒಳಗೆ ಬೀಸುವ ಹಾಗಲ್ಲ, ಹೊರಗೆ ತಳ್ಳುವ ಹಾಗೆ. ಮಧ್ಯೆ ಹಗ್ಗ ಕಟ್ಟಿ ಬೆಡ್‌ಶೀಟ್. ಉಳಿದ ಇಬ್ಬರು ಇವನ ಕಾಲಿರುವ ಕಡೆಗೆ, ತಲೆ ದೂರ ಮಾಡಿ ಮಲಗುವುದು. ಬಚ್ಚಲಿಗೆ ಅಜ್ಜಿ ಎಲ್ಲರಿಗಿಂತ ಮೊದಲು, ತಮ್ಮ ಎಲ್ಲರಿಗಿಂತ ಕೊನೆಗೆ. ಅವನ ಟವೆಲಿಗೆ ಕೆಂಪು ದಾರ. ಊಟಕ್ಕೆ ಗಂಡಸರು ಹೊರಗೆ ಮೆಟ್ಟಿಲ ಮೇಲೆ, ಒಬ್ಬೊಬ್ಬರಾಗಿ. ಮನೆಯೊಳಗೂ ಮಾಸ್ಕ್.

ಸಂಬಳದ ಮಾತು ಕೊನೆಗೆ ಬಂತು, ನಿಜವಾಗಿ ಅದೇ ಮೊದಲಿನದು. ಐನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಗಳು ಆಹಾರದ ಕೆಲಸದವರಿಗೆ 80 ಗಂಟೆವರೆಗೆ ಸಂಬಳದ ರಜೆ ಕೊಡಬೇಕು ಅಂತ ಏಪ್ರಿಲ್‌ನಲ್ಲೇ ರಾಜ್ಯದ ಆದೇಶ ಆಗಿತ್ತು. ಆ ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಮಯೊರ್ದೋಮೊ ಹೇಳಿರಲಿಲ್ಲ. ನಾವೇ ಫೋನ್ ಮಾಡಿಸಿ, ಅವನ ಪಕ್ಕದಲ್ಲಿ (ಅಂದರೆ ಕಿಟಕಿ ಹೊರಗೆ) ನಿಂತು ಕೇಳಿಸಿದೆವು. ರಜೆ ಸಿಕ್ಕಿತು. ಅದು ಸಿಗದಿದ್ದರೆ ಫ್ಯಾನು, ಬೆಡ್‌ಶೀಟು ಎಲ್ಲ ಸುಮ್ನೆ. ಮೂರನೇ ದಿನಕ್ಕೆ ಅವನು ವ್ಯಾನ್ ಹತ್ತಿರುತ್ತಿದ್ದ.

ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಬಂತು. ಅಜ್ಜಿಗೆ ಬರಲಿಲ್ಲ. ಅದು ನಮ್ಮ ಸೀಮೆಸುಣ್ಣದ ಗೆರೆಯಿಂದಲೋ ಆಕೆಯ ಅದೃಷ್ಟದಿಂದಲೋ ಅಂತ ನಾನು ಜಂಬ ಕೊಚ್ಚಲಾರೆ. ಹದಿನಾಲ್ಕನೇ ದಿನ ಹೋದಾಗ ಅಜ್ಜಿ ಮಾತ್ರ ಸಿಟ್ಟಾಗಿದ್ದರು. ಎರಡು ವಾರ ಟಿವಿ ನೋಡಲು ಬಿಟ್ಟಿರಲಿಲ್ಲವಂತೆ, ಟಿವಿ ಹಾಲ್‌ನಲ್ಲಿತ್ತಲ್ಲ.

ಇಷ್ಟರಲ್ಲಿ ಆಗಸ್ಟ್ 16 ಬಂತು. ಸಿಡಿಲು ಬಡಿದು ಸಲೀನಾಸ್ ಪಕ್ಕದ ಗುಡ್ಡಕ್ಕೆ ಬೆಂಕಿ ಬಿತ್ತು. ರಿವರ್ ಫೈರ್ ಅಂತ ಹೆಸರಾಯಿತು. ಕಾರಿನ ಮೇಲೆ ಬೂದಿ, ಆಕಾಶ ಕಿತ್ತಳೆ. ಒಂದು ತಿಂಗಳಿಂದ ಮನೆ ಮನೆಗೆ ಹೋಗಿ ಕಿಟಕಿ ತೆರೆಯಿರಿ ಅಂದವರು ಈಗ ಕಿಟಕಿ ಮುಚ್ಚಿ ಅನ್ನಬೇಕಾಯಿತು. ಒಬ್ಬ ಮುದುಕರು ಬಾಗಿಲಲ್ಲೇ ಕೇಳಿದರು: "ನಾಳೆ ಏನು ಹೇಳ್ತೀರಿ, ಉಸಿರಾಡಬೇಡಿ ಅಂತಾನಾ?"

ಆಗ ಕಲಿತದ್ದು ಫ್ಯಾನಿಗೆ ಫಿಲ್ಟರ್ ಕಟ್ಟುವುದು. ಇಪ್ಪತ್ತು ಇಂಚಿನ ಫ್ಯಾನಿನ ಹಿಂದೆ ಅದೇ ಅಳತೆಯ ಮರ್ವ್-13 ಫಿಲ್ಟರ್ ಒಂದನ್ನು ಟೇಪಿನಲ್ಲಿ ಅಂಟಿಸಿದರೆ ಹೊಗೆಯ ಕಣ ಹಿಡಿಯುತ್ತದೆ. ರೋಗಿಯ ಉಸಿರಿನ ಸಣ್ಣ ಹನಿಗಳನ್ನೂ ಹಿಡಿಯುತ್ತದೆ. ಚಳಿಗಾಲದ ಹೊತ್ತಿಗೆ ನಾಲ್ಕು ಫಿಲ್ಟರ್ ನಿಲ್ಲಿಸಿ, ಮೇಲೆ ಫ್ಯಾನು, ಕೆಳಗೆ ರಟ್ಟು ಇಟ್ಟು ಡಬ್ಬ ಮಾಡುವುದು ಬಂತು. ಇದಕ್ಕೆ ಕೊರ್ಸಿ-ರೋಸೆಂಥಾಲ್ ಡಬ್ಬ ಅಂತ ಹೆಸರು. ರಿಚರ್ಡ್ ಕೊರ್ಸಿ ಅನ್ನುವ ಪ್ರೊಫೆಸರ್ ಯೋಚನೆ, ಜಿಮ್ ರೋಸೆಂಥಾಲ್ ಅನ್ನುವ ಫಿಲ್ಟರ್ ಕಂಪನಿಯವರು ಕಟ್ಟಿದ್ದು. ನಮ್ಮ ಡಬ್ಬಗಳಿಗೆ ಮಕ್ಕಳು ಕಣ್ಣು, ಮೀಸೆ ಬರೆದು ನಿಲ್ಲಿಸುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ನಾವು ತಲೆ ಕೆಡಿಸಿಕೊಂಡದ್ದು ಗಾಳಿಗಿಂತ ಜಾಸ್ತಿ ಮೇಜು, ಬಾಗಿಲ ಹಿಡಿ ಒರೆಸುವುದಕ್ಕೆ. ಆಗ ನಮಗೆ ಹೇಳಿಕೊಟ್ಟದ್ದೂ ಅದೇ. ಅದರಲ್ಲಿ ನಾನು ಮಾಡಿದ ಒಂದು ತಪ್ಪು ಈಗಲೂ ಚುಚ್ಚುತ್ತದೆ. ಒಂದು ಮನೆಯಲ್ಲಿ "ಕ್ಲೋರೊ ಹಾಕಿ ಚೆನ್ನಾಗಿ ತೊಳೀರಿ" ಅಂದು ಬಂದೆ. ಕ್ಲೋರೊ ಅಂದರೆ ಬ್ಲೀಚ್. ಎಷ್ಟು, ಯಾವುದರ ಜೊತೆ ಅಂತ ಹೇಳಲಿಲ್ಲ. ಆಕೆ ಇನ್ನೂ ಚೆನ್ನಾಗಿರಲಿ ಅಂತ ಬ್ಲೀಚಿಗೆ ವಿನೆಗರ್ ಸುರಿದಳು. ಕಿಟಕಿ ಇಲ್ಲದ ಬಚ್ಚಲು. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಇನ್ನೊಂದು ವಿಷ. ಕೆಮ್ಮುತ್ತಾ ಹೊರಗೆ ಓಡಿ ಬಂದಳು, ಸಂಜೆಗೆ ಸರಿಹೋದಳು. ಆಮೇಲೆ ನಾನು ಚೀಲದಲ್ಲಿ ಅಳತೆ ಚಮಚ, ಮಾರ್ಕರ್ ಇಟ್ಟುಕೊಂಡೆ. ಒಂದು ಕ್ವಾರ್ಟ್, ಅಂದರೆ ಲೀಟರಿಗಿಂತ ಸ್ವಲ್ಪ ಕಡಿಮೆ ನೀರಿಗೆ ನಾಲ್ಕು ಟೀ ಚಮಚ. ದಿನಾ ಹೊಸದು. ಬೇರೆ ಯಾವುದೂ ಬೇಡ. ಬಾಟಲಿ ಮೇಲೆ ತಲೆಬುರುಡೆ ಚಿತ್ರ ನಾನೇ ಬರೆಯುತ್ತಿದ್ದೆ.

ಕೈ ತೊಳೆಯುವ ಮಾತಿನಲ್ಲೂ ಸೋತಿದ್ದೆ. ಹೊಲದಿಂದ ಬಂದ ಕೂಡಲೇ ತೊಳೀರಿ ಅಂದರೆ ಗಂಡಸರು ಹ್ಞೂಂ ಅನ್ನುತ್ತಿದ್ದರು, ತೊಳೆಯುತ್ತಿರಲಿಲ್ಲ. ದೋನ್ಯಾ ಕಾರಣ ಹೇಳಿದರು. ದುಡಿದು ಕಾದ ಕೈಗೆ ತಣ್ಣೀರು ತಾಗಿದರೆ ಸಂಧಿವಾತ ಬರುತ್ತೆ ಅನ್ನುವುದು ಹಳೆಯ ನಂಬಿಕೆ. ನಾನು ನಗಬೇಕೆಂದು ಹೊರಟು ನಿಲ್ಲಿಸಿದೆ. ಬಿಸಿಲಿಂದ ಬಂದವಳಿಗೆ ತಣ್ಣೀರು ಕುಡಿಯಲು ನಮ್ಮಜ್ಜಿ ಯಾವತ್ತು ಬಿಟ್ಟಿದ್ದರು? ಉಷ್ಣ, ಶೀತ ಅಂತ ದಿನಾ ಪಾಠ ಆಗುತ್ತಿತ್ತಲ್ಲ. ದೋನ್ಯಾ ಆ ನಂಬಿಕೆ ಜೊತೆ ಜಗಳಕ್ಕೇ ಹೋಗಲಿಲ್ಲ. ನೀರಿನ ಕ್ಯಾನನ್ನು ಬಿಸಿಲಿಗೆ ಇಡಿ, ಬೆಚ್ಚಗಾದ ನೀರಲ್ಲಿ ತೊಳೀರಿ ಅಂದರು. ತೊಳೆದರು.

ಮೆಕ್ಸಿಕೊದ ಓಅಹಾಕಾ ರಾಜ್ಯದ ಕಡೆಯವರ ಮನೆಗಳಲ್ಲಿ ನನ್ನ ಸ್ಪ್ಯಾನಿಷೂ ಉಪಯೋಗಕ್ಕೆ ಬರಲಿಲ್ಲ. ಅವರ ಮನೆಮಾತು ಮಿಶ್ತೆಕೊ, ತ್ರೀಕಿ, ಜಾಪೊತೆಕೊ. ಮೆಕ್ಸಿಕೊದವರು ಅಂದ ಮೇಲೆ ಸ್ಪ್ಯಾನಿಷ್ ಬರಲೇಬೇಕು ಅಂತ ಮುದ್ರಿಸಿದ ಹಾಳೆಗಳು ಅಲ್ಲಿ ರಾಶಿ ಬಿದ್ದಿದ್ದವು. ಇಂಡಿಯಾದವಳು ಅಂದ ಕೂಡಲೇ ನನ್ನ ಜೊತೆ ಹಿಂದಿ ಶುರು ಮಾಡುವವರ ನೆನಪಾಗಿ ಒಳಗೊಳಗೇ ನಗು ಬಂತು. ಆ ಭಾಷೆಗಳನ್ನು ಓದಿ ಬರೆಯುವವರು ಕಡಿಮೆ. ಹಾಗಾಗಿ ಬರೆದು ಪ್ರಯೋಜನವಿಲ್ಲ. ತ್ರೀಕಿ ಮಾತಾಡುವ ಒಬ್ಬ ಹುಡುಗಿ ವಾಟ್ಸ್‌ಆಪ್‌ನಲ್ಲಿ ದನಿ ಕಳಿಸತೊಡಗಿದಳು. ಒಂದು ನಿಮಿಷದ್ದು, ಅಡುಗೆಮನೆಯ ಸದ್ದು ಸೇರಿದ್ದು. ನಮ್ಮ ಬಣ್ಣದ ಹಾಳೆಗಳಿಗಿಂತ ಅದು ದೂರ ಹೋಯಿತು. ಯೂಮಾದಲ್ಲಿದ್ದವರಿಗೂ ತಲುಪಿತ್ತು.

2021ರ ಫೆಬ್ರವರಿ, ಮಾರ್ಚ್‌ನಲ್ಲಿ ಹೊಲದವರಿಗೆ ಲಸಿಕೆ ಬಂತು. ಆ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುತ್ತೇನೆ.

ಕೊರೊನಾ ಇಳಿದ ಮೇಲೆ ನಮ್ಮನ್ನು ಹಳೆಯ ಕಾಯಿಲೆಗೆ ಹಾಕಿದರು. ಕ್ಷಯ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಸುಮಾರು 2,000 ಟಿಬಿ ಪ್ರಕರಣ, ಹೆಚ್ಚಿನವರು ಬೇರೆ ದೇಶದಲ್ಲಿ ಹುಟ್ಟಿದವರು. ಎಷ್ಟೋ ಜನರ ಮೈಯಲ್ಲಿ ಅದು ಮಲಗಿರುತ್ತದೆ. ಆಗ ಕೆಮ್ಮಿಲ್ಲ, ಇನ್ನೊಬ್ಬರಿಗೆ ಹರಡುವುದಿಲ್ಲ. ಮುಂದೊಂದು ದಿನ ಏಳಬಹುದು, ಎದ್ದರೆ ಮನೆಗೆಲ್ಲ ಹರಡುತ್ತದೆ. ಮಲಗಿರುವಾಗಲೇ ಔಷಧಿ ಕೊಟ್ಟು ಮುಗಿಸುವುದು ನಮ್ಮ ಕೆಲಸ. ಆರೋಗ್ಯವಾಗಿರುವವರಿಗೆ ಮಾತ್ರೆ ನುಂಗಿ ಅನ್ನುವುದು ಎಷ್ಟು ಕಷ್ಟ ಅಂತ ಚಿಕ್ಕಮ್ಮನಿಗೆ ಗೊತ್ತು.

ಒಬ್ಬ ತಾತ, ಅರವತ್ತು ದಾಟಿದವರು. ಹಿಂದೊಮ್ಮೆ ಕೈ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿತ್ತು. "ಅದು ಲಸಿಕೆಯಿಂದ ಬಂದದ್ದು, ಚಿಕ್ಕವನಿದ್ದಾಗ ಹಾಕಿಸಿದ್ದಾರೆ" ಅಂತ ಬಲಗೈ ತೋಳು ಮೇಲೇರಿಸಿದರು. ಕ್ಷಯದ ಲಸಿಕೆ ಬಿಸಿಜಿಯ ಗುಳಿ. ಅವರ ಮಾತು ಪೂರ್ತಿ ಸುಳ್ಳಲ್ಲ, ಆ ಲಸಿಕೆಯಿಂದ ಚರ್ಮದ ಪರೀಕ್ಷೆ ತಪ್ಪು ಹೇಳಬಹುದು. ರಕ್ತದ ಪರೀಕ್ಷೆಗೆ ಆ ತೊಂದರೆ ಇಲ್ಲ.

ನಾನು ನನ್ನ ಎಡಗೈ ತೋಳು ಏರಿಸಿದೆ. ಅದೇ ಗುಳಿ. ನಮ್ಮಲ್ಲಿ ಎಡಕ್ಕೆ ಹಾಕುತ್ತಾರೆ, ಅವರಲ್ಲಿ ಬಲಕ್ಕೆ. ತಾತ ಕನ್ನಡಕ ಸರಿಮಾಡಿ ಎರಡನ್ನೂ ನೋಡಿದರು.

"ನಾನೂ ಹಾಗೇ ಅಂದುಕೊಂಡಿದ್ದೆ" ಅಂದೆ. "ಈ ಕೆಲಸಕ್ಕೆ ಸೇರುವಾಗ ರಕ್ತ ಪರೀಕ್ಷೆ ಮಾಡಿದರು. ಪಾಸಿಟಿವ್. ಎಕ್ಸ್-ರೇ ಚೆನ್ನಾಗಿತ್ತು. ನಾಲ್ಕು ತಿಂಗಳು ರಿಫಾಂಪಿನ್ ತಗೊಂಡೆ."

"ಏನಾಯ್ತು?"

"ಏನೂ ಆಗಲಿಲ್ಲ. ಮೂತ್ರ ಮಾತ್ರ ಕಿತ್ತಳೆ ಬಣ್ಣ."

"ಎಷ್ಟು ಕಿತ್ತಳೆ?"

"ಫ್ಯಾಂಟಾ."

ತಾತ ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು. ಇಬ್ಬರೂ ನಕ್ಕರು. ದೋನ್ಯಾ ಕೂಡ ಮಾಸ್ಕ್ ಒಳಗೇ ನಕ್ಕರು, ಕಣ್ಣು ಕಂಡಿತಲ್ಲ. ಗುರುವಾರ ಬೆಳಿಗ್ಗೆ ರಕ್ತ ಕೊಡಲು ಬರುತ್ತೇನೆ, ಆದರೆ ಕರೆದೊಯ್ಯಲು ರೈತೆರೊ ಬೇಕು ಅಂದರು ತಾತ. ಆವತ್ತಿಗೆ ನಾನೇ ರೈತೆರೊ ಆದೆ.